ಆಫೀಸಿನ ಅವಧಿ

ಕಾಗದವೊಂದನ್ನು ಬರೆಯೋಣವೆಂದು ಕಂಪ್ಯೂಟರಿನ ಮುಂದೆ ಕುಳಿತರೆ ತೆರೆಯ ನೆತ್ತಿಯ ಮೇಲೆ ಹಳದಿ ಪಟ್ಟಿಯೊಂದು ಮೂಡಿತು: ‘ನಿಮ್ಮ ಆಫೀಸಿನ ಅವಧಿ ಮುಗಿದಿದೆ. ಕೂಡಲೇ ನವೀಕರಿಸಿಕೊಳ್ಳಿ.’ ನಿವೃತ್ತನಾದವನಿಗೆ ಈ ಸಂಗತಿ ತಿಳಿಸಲು ಯಂತ್ರವೇ ಬೇಕಿತ್ತೆ? ನವೀಕರಿಸಿಕೊಳ್ಳುವ ಸೌಲಭ್ಯವಿದೆಯೆಂದು ನನ್ನ ಆಫೀಸಿನ ಅವಧಿ ನಿಜವಾಗಿ ಮುಗಿದಾಗ ಯಾರೂ ಬಾಯಿ ಬಿಡಲಿಲ್ಲ. ಈ ಆಫೀಸು ಕಾಗದ ಬರೆಯುವ ತಂತ್ರಾಂಶ; ಈಗ ದುಡ್ಡು ಕಟ್ಟಿದರೆ ಒಂದು ವರ್ಷದ ಮಟ್ಟಿಗೆ ವಾಪಸು ಕೊಡುತ್ತಾರಂತೆ. ಕೆಲಸ ಮಾಡಿದ್ದಕ್ಕೆ ಆಫೀಸೇ ನನಗೆ ಸಂಬಳ ಕೊಡುತ್ತಿದ್ದ ಕಾಲ ಹೋಗಿ, ಕೆಲಸ ಮಾಡುವುದಕ್ಕೆ ನಾನೇ ಆಫೀಸಿಗೆ ಸಂಬಳ ಕೊಡುವ ಕಾಲ ಬಂದಿದೆ. ಕಾಗದವನ್ನು ಕೈಯಲ್ಲೇ ಬರೆದೆ. ಸಿಟ್ಟು ಮಾತ್ರ ಇಳಿಯಲಿಲ್ಲ.

ಒಂದೇ ಪದ ಇಷ್ಟು ಕಡೆ ಮೂಗು ತೂರಿಸುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ಕಟ್ಟಡವೂ ಆಫೀಸು, ಅದರೊಳಗಿನ ಕೋಣೆಯೂ ಆಫೀಸು, ಕೋಣೆಯೊಳಗಿನ ಜನವೂ ಆಫೀಸು. ‘ಇಡೀ ಆಫೀಸು ಮದುವೆಗೆ ಹೋಗಿದೆ’ ಎಂದರೆ ಗೋಡೆಗಳೂ ಹೋದವೆಂದು ಯಾರೂ ತಿಳಿಯುವುದಿಲ್ಲ. ಪ್ರಮಾಣವಚನ ಸ್ವೀಕರಿಸಿದ ಮಂತ್ರಿ ಏರುವ ಪದವಿ ಇಂಗ್ಲಿಷಿನವರಿಗೆ ಆಫೀಸು. ಸಿನಿಮಾ ಸೋಲುವುದು ಬಾಕ್ಸ್ ಆಫೀಸಿನಲ್ಲಿ. ಕ್ರೈಸ್ತ ಸನ್ಯಾಸಿಗಳು ಹೊತ್ತುಹೊತ್ತಿಗೆ ಹೇಳುವ ಪ್ರಾರ್ಥನೆ ಡಿವೈನ್ ಆಫೀಸ್. ಎರಡು ದೇಶಗಳ ಜಗಳದಲ್ಲಿ ಮೂರನೆಯವರು ನಡುವೆ ಬಂದು ಮಾತುಕತೆಗೆ ಕೂರಿಸಿದರೆ ಅದು ಗುಡ್ ಆಫೀಸಸ್. ನಮ್ಮ ಕಚೇರಿಯೂ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. ಸರ್ಕಾರಿ ಕಚೇರಿ, ಸಂಗೀತ ಕಚೇರಿ ಎರಡೂ ಒಂದೇ ಹೆಸರಿನಲ್ಲಿ ಸಂಸಾರ ಹೂಡಿವೆ. ಆದರೆ ಸಂಗೀತ ಕಚೇರಿಯಲ್ಲಿ ಆಲಾಪನೆಯನ್ನು ಎಷ್ಟು ಎಳೆದರೂ ಅದರ ಹಿಂದೆ ಕೃತಿ ಬಂದೇ ಬರುತ್ತದೆ. ಇನ್ನೊಂದು ಕಚೇರಿಯ ಬಗ್ಗೆ ಆ ಭರವಸೆಯನ್ನು ನಾನು ಕೊಡಲಾರೆ.

ಇಷ್ಟೆಲ್ಲ ಅರ್ಥಗಳ ತಳದಲ್ಲಿ ಒಂದು ಸತ್ಯ ಅಡಗಿದೆ, ಅದಕ್ಕೆ ಬರುತ್ತೇನೆ. ಮೊದಲು ಮೂಲ. ಲ್ಯಾಟಿನ್ನಿನ ‘ಒಫಿಕಿಯಂ’ ಎಂದರೆ ಕರ್ತವ್ಯ, ಒಬ್ಬರು ಇನ್ನೊಬ್ಬರಿಗೆ ಸಲ್ಲಿಸಬೇಕಾದ ಸೇವೆ. ಕುರ್ಚಿ, ಮೇಜು, ಜವಾನ ಯಾವುದೂ ಅದರಲ್ಲಿರಲಿಲ್ಲ. ರೋಮಿನ ವಾಗ್ಮಿ ಸಿಸೆರೊ ಕ್ರಿಸ್ತಪೂರ್ವ 44ರಲ್ಲಿ, ಅಥೆನ್ಸಿನಲ್ಲಿ ಓದುತ್ತಿದ್ದ ಮಗನಿಗೆಂದು ಕರ್ತವ್ಯದ ಬಗ್ಗೆ ಮೂರು ಸಂಪುಟ ಬರೆದು ಕಳಿಸಿದ. ಅದೇ ಮಗ ಮುಂದೆ ಆರು ಲೀಟರಿಗೂ ಮಿಕ್ಕಿದ ದ್ರಾಕ್ಷಾರಸವನ್ನು ಒಂದೇ ಗುಟುಕಿಗೆ ಇಳಿಸುತ್ತಿದ್ದನೆಂದು ರೋಮಿನ ಇನ್ನೊಬ್ಬ ಲೇಖಕ ಪ್ಲಿನಿ ಬರೆದಿಟ್ಟಿದ್ದಾನೆ. ಅಪ್ಪಂದಿರ ಉಪದೇಶದ ಚರಿತ್ರೆಯಲ್ಲಿ ಇದಕ್ಕಿಂತ ಹೆಚ್ಚಿನ ಸಾಧನೆ ನನಗೆ ಗೊತ್ತಿಲ್ಲ.

ಕರ್ತವ್ಯ ಕಟ್ಟಡವಾದದ್ದು ಆಮೇಲೆ. ಫ್ಲಾರೆನ್ಸಿನ ಉಫೀಜಿ ಗ್ಯಾಲರಿ, 1560ರಲ್ಲಿ ವಸಾರಿಯ ನಕ್ಷೆಯಂತೆ ಕೆಲಸ ಶುರುವಾದಾಗ, ಆಡಳಿತದ ಆಫೀಸುಗಳಿಗೆಂದೇ ಕಟ್ಟಿದ್ದು. ಹೆಸರಿನ ಅರ್ಥವೂ ಅದೇ. ಜನ ದುಡ್ಡು ಕೊಟ್ಟು, ಸರದಿಯಲ್ಲಿ ನಿಂತು, ನಗುನಗುತ್ತಾ ಒಳಗೆ ಹೋಗುವ ಆಫೀಸು ಅದೊಂದೇ ಇರಬೇಕು. ಧರ್ಮವಿರೋಧಿಗಳನ್ನು ವಿಚಾರಣೆ ಮಾಡುತ್ತಿದ್ದ ರೋಮಿನ ಹೋಲಿ ಆಫೀಸಿಗೆ ಯಾರೂ ನಗುತ್ತಾ ಹೋಗಲಿಲ್ಲ. 1633ರಲ್ಲಿ ಗೆಲಿಲಿಯೊ ಮಂಡಿಯೂರಿ, ಭೂಮಿ ಸುತ್ತುತ್ತದೆ ಎಂಬ ಮಾತನ್ನು ಹಿಂದಕ್ಕೆ ಪಡೆದದ್ದು ಈ ಆಫೀಸಿನ ಮುಂದೆಯೇ. ಮನಸ್ಸಿಲ್ಲದ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವ ವಿದ್ಯೆ ಆಫೀಸುಗಳಿಗೆ ನಿನ್ನೆ ಮೊನ್ನೆ ಬಂದದ್ದಲ್ಲ.

ಆಫೀಸು ಎಂದಾಗ ನನಗೆ ನೆನಪಾಗುವವನು ಮಾತ್ರ ಲಂಡನ್ನಿನ ದಿನಚರಿಕಾರ ಸ್ಯಾಮ್ಯುಯೆಲ್ ಪೀಪ್ಸ್. 1660ರಲ್ಲಿ ಅವನಿಗೆ ನೌಕಾಪಡೆಯ ಆಡಳಿತ ನೋಡುವ ನೇವಿ ಆಫೀಸಿನಲ್ಲಿ ದೊಡ್ಡ ಗುಮಾಸ್ತಿಕೆ ಸಿಕ್ಕಿತು. ಆಫೀಸಿಗೆ ಅಂಟಿಕೊಂಡೇ ಅಧಿಕಾರಿಗಳ ಮನೆಗಳು. ಆಚೆ ಈಚೆ ಎಲ್ಲ ಸಹೋದ್ಯೋಗಿಗಳು. ಅಕ್ಟೋಬರ್ 20ರ ಬೆಳಿಗ್ಗೆ ಪೀಪ್ಸ್ ತನ್ನ ನೆಲಮಾಳಿಗೆಗೆ ಇಳಿದ. ಅಲ್ಲಿದ್ದ ಕಿಟಕಿಯನ್ನು ಬ್ಯಾಟನ್ ಎಂಬ ಹಿರಿಯ ಅಧಿಕಾರಿ ಮುಚ್ಚಿಸಿಬಿಟ್ಟಿದ್ದ. ಅದಕ್ಕೆ ಬದಲು ಇನ್ನೊಂದನ್ನು ಎಲ್ಲಿ ಇಡಿಸಬಹುದೆಂದು ನೋಡಬೇಕಿತ್ತು. ಇಟ್ಟ ಹೆಜ್ಜೆ ಹೇಸಿಗೆಯ ದೊಡ್ಡ ರಾಶಿಯೊಳಗೆ ಹೂತುಕೊಂಡಿತು. ಪಕ್ಕದ ಮನೆಯ ಟರ್ನರನ ‘ಹೌಸ್ ಆಫ್ ಆಫೀಸ್’ ತುಂಬಿ ಇವನ ನೆಲಮಾಳಿಗೆಗೆ ಬಂದಿತ್ತು. ಆ ಕಾಲದ ಇಂಗ್ಲಿಷಿನಲ್ಲಿ ಅದು ಪಾಯಿಖಾನೆಯ ಮರ್ಯಾದೆಯ ಹೆಸರು. ಟರ್ನರನೂ ನೇವಿ ಆಫೀಸಿನವನೇ. ಹೀಗೆ ಒಂದು ಆಫೀಸಿನವನ ಇನ್ನೊಂದು ಆಫೀಸು, ಅದೇ ಆಫೀಸಿನ ಇನ್ನೊಬ್ಬನ ಕಾಲಿಗೆ ಮೆತ್ತಿಕೊಂಡಿತು.

ಪೀಪ್ಸ್ ಕೂಗಾಡಿದಂತೆ ಕಾಣುವುದಿಲ್ಲ. ಇದರಿಂದ ತನಗೆ ತೊಂದರೆಯಾಗಿದೆ, ಸರಿಪಡಿಸಿಕೊಳ್ಳುತ್ತೇನೆ ಎಂದಷ್ಟೇ ದಿನಚರಿಯಲ್ಲಿ ಬರೆದುಕೊಂಡ. ಇದು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ನಾನಿದ್ದಲ್ಲಿಯೂ ಪಕ್ಕದ ವಿಭಾಗದಲ್ಲಿ ತುಂಬಿದ್ದೆಲ್ಲ ಸದ್ದಿಲ್ಲದೆ ನನ್ನ ಮೇಜಿಗೆ ಹರಿದು ಬರುತ್ತಿತ್ತು. ‘ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಎಂದು ಷರಾ ಬರೆಯುವವರಿಗೆ ಬರವಿರಲಿಲ್ಲ. ಸಲಿಕೆ ಹಿಡಿಯುವವರು ಮಾತ್ರ ಸಿಗುತ್ತಿರಲಿಲ್ಲ. ಹರಿದು ಬಂದದ್ದರ ಒಡೆಯನಿಗೆ ಬಡ್ತಿಯೂ ಸಿಕ್ಕಿತು. ಹೆಸರು ಬೇಡ.

ಪೀಪ್ಸನ ಆಡಳಿತ ಜ್ಞಾನ ಪೂರ್ತಿಯಾಗಿ ಬೆಳಗಿದ್ದು 1666ರ ಸೆಪ್ಟೆಂಬರಿನಲ್ಲಿ, ಲಂಡನ್ ಹೊತ್ತಿ ಉರಿಯುವಾಗ. ಬೆಂಕಿ ಇತ್ತ ಬರುತ್ತಿದೆಯೆಂದು 4ನೆಯ ತಾರೀಖು ಅದೇ ಬ್ಯಾಟನ್ ತೋಟದಲ್ಲಿ ಗುಂಡಿ ತೋಡಿಸಿ ತನ್ನ ದ್ರಾಕ್ಷಾರಸವನ್ನು ಇಳಿಸಿದ. ಪೀಪ್ಸ್ ಅವಕಾಶ ಬಿಡಲಿಲ್ಲ. ಬೇರೆಲ್ಲೂ ಸಾಗಿಸಲಾಗದೆ ಉಳಿದಿದ್ದ ಆಫೀಸಿನ ಕಾಗದಪತ್ರಗಳನ್ನು ಅದೇ ಗುಂಡಿಗೆ ಸೇರಿಸಿದ. ಸಂಜೆ ಪೆನ್ ಎಂಬ ಇನ್ನೊಬ್ಬ ಅಧಿಕಾರಿಯೊಂದಿಗೆ ಬೇರೆ ಗುಂಡಿ ತೋಡಿ ತಮ್ಮ ದ್ರಾಕ್ಷಾರಸವನ್ನೂ ತನ್ನ ಪಾರ್ಮೆಸಾನ್ ಚೀಸನ್ನೂ ಹೂತಿಟ್ಟ. ಗಮನಿಸಬೇಕು: ಸರ್ಕಾರದ ಕಡತ ಪರರ ಗುಂಡಿಗೆ, ಸ್ವಂತದ ಚೀಸ್ ಸ್ವಂತದ ಗುಂಡಿಗೆ. ಎರಡನ್ನೂ ಒಟ್ಟಿಗೆ ಬೆರೆಸಲಿಲ್ಲ. ಇಂಥವನು ಮುಂದೆ ನೌಕಾಪಡೆಯ ಕಾರ್ಯದರ್ಶಿಯಾಗಿ ಮೇಲೇರಿದ್ದರಲ್ಲಿ ಆಶ್ಚರ್ಯವೇನಿದೆ?

ಆ ಬೆಂಕಿಯಲ್ಲಿ ಆಫೀಸು ಉಳಿಯಿತು. ಸುಟ್ಟುಹೋದದ್ದು 1673ರಲ್ಲಿ, ಬೇರೊಂದು ಬೆಂಕಿಯಲ್ಲಿ. ಅಷ್ಟು ಹೊತ್ತಿಗೆ ಪೀಪ್ಸ್, ಬರೆದು ಬರೆದು ಕಣ್ಣು ಹೋದೀತೆಂಬ ಹೆದರಿಕೆಯಿಂದ, 1669ರಲ್ಲೇ ದಿನಚರಿ ನಿಲ್ಲಿಸಿದ್ದ. ಹೀಗಾಗಿ ಎರಡನೆಯ ಸಲ ಚೀಸ್ ಎಲ್ಲಿಗೆ ಹೋಯಿತೆಂಬ ವಿವರ ನಮ್ಮ ಪಾಲಿಗಿಲ್ಲ. ದಿನಚರಿಯನ್ನಾದರೂ ಅವನು ಬರೆದದ್ದು ಶೀಘ್ರಲಿಪಿಯಲ್ಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ಜಾನ್ ಸ್ಮಿತ್ ಎಂಬ ವಿದ್ಯಾರ್ಥಿ ಅದನ್ನು ಬಿಡಿಸಲು ಮೂರು ವರ್ಷ ಹೆಣಗಿದ. ಆ ಲಿಪಿಯ ಕೈಪಿಡಿ ಪೀಪ್ಸನ ಗ್ರಂಥಭಂಡಾರದಲ್ಲೇ ಇತ್ತು; ಯಾರೂ ಅವನಿಗೆ ಹೇಳಲಿಲ್ಲ. ಇದೂ ಆಫೀಸಿನ ಪದ್ಧತಿಯೇ.

ಸತ್ಯಕ್ಕೆ ಬರುತ್ತೇನೆಂದೆ. ಅದಕ್ಕೆ ಮುಂಚೆ ಒಂದು ಸಣ್ಣ ಮಾತು ಉಳಿದಿದೆ. ಬ್ರಿಟನ್ನಿನ ಕೆಳಮನೆಯ ಸದಸ್ಯರು ರಾಜೀನಾಮೆ ಕೊಡುವಂತಿಲ್ಲ. 1624ರಲ್ಲಿ ಸದನವೇ ಹಾಗೆಂದು ನಿರ್ಣಯಿಸಿತು. ಆದರೆ ಅರಸೊತ್ತಿಗೆಯ ಕೈಕೆಳಗಿನ ‘ಲಾಭದಾಯಕ ಹುದ್ದೆ’, ಅಂದರೆ ಇಂಗ್ಲಿಷಿನ ‘ಆಫೀಸ್ ಆಫ್ ಪ್ರಾಫಿಟ್’, ಹಿಡಿದವರು ಸದಸ್ಯರಾಗಿ ಮುಂದುವರಿಯುವಂತಿಲ್ಲ. ಆದ್ದರಿಂದ ಬಿಟ್ಟುಹೋಗಬೇಕೆನ್ನುವವರನ್ನು ಚಿಲ್ಟರ್ನ್ ಹಂಡ್ರೆಡ್ಸ್ ಎಂಬ ಪ್ರದೇಶದ ಅಥವಾ ನಾರ್ತ್‌ಸ್ಟೆಡ್ ಎಂಬ ಜಹಗೀರಿನ ಮೇಲ್ವಿಚಾರಕರನ್ನಾಗಿ ನೇಮಿಸುತ್ತಾರೆ. ಕೆಲಸವಿಲ್ಲ, ಸಂಬಳವಿಲ್ಲ, ಲಾಭ ಹೆಸರಿನಲ್ಲಿ ಮಾತ್ರ. ಕೆಲಸ ಬಿಡುವುದಕ್ಕಾಗಿ ಕೆಲಸಕ್ಕೆ ಸೇರುವ ಏರ್ಪಾಡು ಇದು. 1985ರ ಡಿಸೆಂಬರಿನಲ್ಲಿ ಉತ್ತರ ಐರ್ಲೆಂಡಿನ ಹದಿನೈದು ಸದಸ್ಯರು ಪ್ರತಿಭಟನೆಗಾಗಿ ಒಂದೇ ದಿನ ಸ್ಥಾನ ಬಿಟ್ಟರು. ಇದ್ದ ಎರಡೇ ಹುದ್ದೆಗಳಿಗೆ ಅವರನ್ನು ಒಬ್ಬರಾದ ಮೇಲೊಬ್ಬರಂತೆ ನೇಮಿಸಿ, ಬಿಡಿಸಿ, ಮತ್ತೆ ನೇಮಿಸಬೇಕಾಯಿತು. ಬೀಳ್ಕೊಡುಗೆ ಸಮಾರಂಭ ಇಟ್ಟುಕೊಂಡಿದ್ದರೆ, ಒಬ್ಬರ ದೀರ್ಘ ಹಾಗೂ ನಿಷ್ಕಳಂಕ ಸೇವೆಯ ಬಗ್ಗೆ ಅಧ್ಯಕ್ಷರು ಗಂಟಲು ಸರಿಪಡಿಸಿಕೊಳ್ಳುವಷ್ಟರಲ್ಲಿ ಇನ್ನಿಬ್ಬರು ನಿವೃತ್ತರಾಗಿ ಹಾರಕ್ಕೆ ಕಾದಿರುತ್ತಿದ್ದರು.