ಹಂಡೆ, ಬಂಬ ಮತ್ತು ವೇಗ ತಗ್ಗದ ಪಂಪು

ಶಿರಸಿ ಸೀಮೆಯ ನಮ್ಮ ಮನೆಯ ಬಚ್ಚಲಿನಲ್ಲಿ ಹಂಡೆಯ ಕೆಳಗಿನ ಬೆಂಕಿಯನ್ನು ನೋಡಿಕೊಳ್ಳುವುದು ಅಜ್ಜಿಯ ಕೆಲಸವಾಗಿತ್ತು. ಮೀಯುವವರು ಇನ್ನೂ ನಾಲ್ವರಿದ್ದರೆ ಕೊಳ್ಳಿಯನ್ನು ಒಳಕ್ಕೆ ನೂಕುತ್ತಿದ್ದರು. ಎಲ್ಲರ ಸ್ನಾನ ಮುಗಿಯುತ್ತ ಬಂದರೆ ಹೊರಕ್ಕೆಳೆದು, ಉಳಿದ ಕೆಂಡದ ಕಾವನ್ನೇ ಸಾಕುಮಾಡುತ್ತಿದ್ದರು. ನಾನೀಗ ನೆಲೆಸಿರುವ ಪುಣೆಯ ಹಳೆಯ ವಾಡೆಗಳಲ್ಲಿ ಇದಕ್ಕೆ ಸಾಟಿಯಾಗಿ ತಾಮ್ರದ ಬಂಬ ಇತ್ತು. ನಡುವೆ ಬೆಂಕಿಯ ಕೊಳವೆ, ಸುತ್ತ ನೀರು. ಮೇಲಿನಿಂದ ಎಷ್ಟು ತಣ್ಣೀರು ಸುರಿದರೆ ಅಷ್ಟೇ ಬಿಸಿನೀರು ನಳಿಕೆಯಿಂದ ಹೊರಬರುತ್ತದೆ. ಬೆಂಗಳೂರು, ಮೈಸೂರುಗಳ ತಾರಸಿಯ ಸೋಲಾರ್ ಹೀಟರುಗಳಲ್ಲಂತೂ ಸಾಮಾನ್ಯವಾಗಿ ಪಂಪೇ ಇರುವುದಿಲ್ಲ. ಕಾದ ನೀರು ಹಗುರಾಗಿ ತಾನೇ ಟ್ಯಾಂಕಿಗೇರುತ್ತದೆ, ಬಿಸಿಲು ಹೆಚ್ಚಿದಷ್ಟೂ ಹರಿವೂ ಹೆಚ್ಚುತ್ತದೆ. ಬೇಕಾದಷ್ಟನ್ನೇ ಹರಿಸುವ ಈ ವಿವೇಕವನ್ನು ಇಂದಿನ ದೊಡ್ಡ ಕಟ್ಟಡಗಳು ಕೈಬಿಟ್ಟಿರುವುದು ನನ್ನನ್ನು ನೋಯಿಸುತ್ತದೆ.

ದೊಡ್ಡ ಕಟ್ಟಡಗಳಲ್ಲಿ ಗಾಳಿಯನ್ನು ಕಾಯಿಸುವ ಬಿಸಿನೀರಿನ ವ್ಯವಸ್ಥೆಗಳನ್ನು ಚಾಲನೆಗೆ ತರುವುದೇ ನನ್ನ ವೃತ್ತಿ. ಪುಣೆಯಲ್ಲಿ ಗಾಳಿಯನ್ನು ಕಾಯಿಸುವ ಅಗತ್ಯವೇನು ಎಂದು ಊರಿನವರು ಕೇಳುವುದುಂಟು. ಮಳೆಗಾಲದಲ್ಲಿ ಶಸ್ತ್ರಚಿಕಿತ್ಸಾ ಕೊಠಡಿಯ ಗಾಳಿಯಿಂದ ತೇವವನ್ನು ತೆಗೆಯಲು ಅದನ್ನು ಬಹಳ ತಣ್ಣಗಾಗಿಸಬೇಕಾಗುತ್ತದೆ. ಆಮೇಲೆ ಬಿಸಿನೀರು ಹರಿಯುವ ಕೊಳವೆಗಳ ಸುರುಳಿಯ, ಅಂದರೆ ಕಾಯಿಲಿನ, ಮೂಲಕ ಹಾಯಿಸಿ ಹದಕ್ಕೆ ತರಬೇಕಾಗುತ್ತದೆ. ನಾನು ಕಂಡ ಒಂದು ಆಸ್ಪತ್ರೆಯಲ್ಲಿ ಇದಕ್ಕಾಗಿ ಇಟ್ಟ ಪಂಪು ಹಗಲಿರುಳೂ 50 ಹರ್ಟ್ಜ್‌ನಲ್ಲಿ, ಪೂರ್ಣ ವೇಗದಲ್ಲಿ ತಿರುಗುತ್ತಿತ್ತು. ಅದರ ಹೊರಬಾಯಿಯ ವಾಲ್ವನ್ನು ಅರ್ಧ ಮುಚ್ಚಿಟ್ಟಿದ್ದರು. ಕಾಯಿಲುಗಳಿಗೆ, ಹೆಚ್ಚಾದ ನೀರನ್ನು ಕಾಯಿಲಿನ ಪಕ್ಕದಿಂದಲೇ ಹಿಂದಕ್ಕೆ ತಿರುಗಿಸುವ ಥ್ರೀ-ವೇ ವಾಲ್ವು ಹಾಕಿದ್ದರಿಂದ, ಬೇಡವಾದ ನೀರು ಬಿಸಿಯಾಗಿಯೇ ಬಾಯ್ಲರಿಗೆ ಮರಳುತ್ತಿತ್ತು.

ಪಂಪಿನ ವೇಗ ತಗ್ಗಿದರೆ ಹರಿವು ಅದೇ ಪ್ರಮಾಣದಲ್ಲಿ ತಗ್ಗುತ್ತದೆ, ಒತ್ತಡ ವೇಗದ ವರ್ಗದಂತೆ, ಬೇಕಾಗುವ ಶಕ್ತಿ ವೇಗದ ಘನದಂತೆ. ಶೇಕಡಾ 80ರ ವೇಗಕ್ಕೆ ಸುಮಾರು ಅರ್ಧ ಶಕ್ತಿ ಸಾಕು. ಅರ್ಧ ವೇಗಕ್ಕೆ ಎಂಟನೆಯ ಒಂದು ಪಾಲು. ಆದರೆ ಈ ಲೆಕ್ಕ ಹೊಂದುವುದು ಪೈಪಿನ ಘರ್ಷಣೆಯೊಂದನ್ನೇ ಎದುರಿಸುವ, ನೀರು ಸುತ್ತಿ ಹೊರಟಲ್ಲಿಗೇ ಮರಳುವ ಮುಚ್ಚಿದ ವ್ಯವಸ್ಥೆಗೆ. ಇದನ್ನೇ ಹಿಡಿದು, ಸೊಸೈಟಿಗಳ ತಾರಸಿ ಟ್ಯಾಂಕು ತುಂಬಿಸುವ ಪಂಪಿಗೂ ಇಷ್ಟೇ ಉಳಿತಾಯವೆಂದು ಹೇಳುವುದು ತಪ್ಪು. ಅಲ್ಲಿ ಎತ್ತರವನ್ನು ಗೆಲ್ಲಬೇಕಾದ್ದರಿಂದ, ವೇಗ ಒಂದು ಮಿತಿಗಿಂತ ಇಳಿದರೆ ನೀರು ಮೇಲೇರುವುದೇ ಇಲ್ಲ.

ವಿದ್ಯುತ್ತಿನ ಹರ್ಟ್ಜ್ ಬದಲಿಸಿ ಪಂಪಿನ ವೇಗವನ್ನು ಹೆಚ್ಚುಕಡಿಮೆ ಮಾಡುವ ಡ್ರೈವನ್ನು, ಅಂದರೆ ವಿಎಫ್‌ಡಿಯನ್ನು, ಕೂರಿಸಿದ ಮಾತ್ರಕ್ಕೆ ಕೆಲಸ ಮುಗಿಯಿತೆಂಬ ನಂಬಿಕೆಯೂ ಸರಿಯಲ್ಲ. ಥ್ರೀ-ವೇ ವಾಲ್ವುಗಳ ಬದಲು ಹರಿವನ್ನೇ ತಗ್ಗಿಸುವ ಟೂ-ವೇ ವಾಲ್ವು ಬರಬೇಕು, ಇಲ್ಲವಾದರೆ ಬೇಡಿಕೆ ಇಳಿದದ್ದು ಪಂಪಿಗೆ ತಿಳಿಯುವುದೇ ಇಲ್ಲ. ಅದಕ್ಕಿಂತ ಹೆಚ್ಚು ಕಡೆಗಣಿಸಲ್ಪಡುವುದು ಹೋಗುವ ಮತ್ತು ಮರಳುವ ಪೈಪುಗಳ ನಡುವಿನ ಒತ್ತಡದ ಅಂತರವನ್ನು ಅಳೆಯುವ ಸೆನ್ಸರಿನ ಜಾಗ. ಕೇಬಲ್ ಎಳೆಯುವ ಶ್ರಮ ತಪ್ಪಿಸಲು ಅದನ್ನು ಪಂಪಿನ ಪಕ್ಕದಲ್ಲೇ ಹಾಕಿ, ಉದಾಹರಣೆಗೆ, 20 ಮೀಟರ್ ಎತ್ತರದ ನೀರಿನ ಕಂಬಕ್ಕೆ ಸಮನಾದ ಒತ್ತಡವನ್ನು ಸದಾ ಕಾಯ್ದುಕೊಳ್ಳುವಂತೆ ಮಾಡಿದರೆ, ಹರಿವು ಅರ್ಧವಾದಾಗ ಶಕ್ತಿಯೂ ಸುಮಾರು ಅರ್ಧಕ್ಕಷ್ಟೇ ಇಳಿಯುತ್ತದೆ. ಅದೇ ಸೆನ್ಸರನ್ನು ಕೊನೆಯ ಕಾಯಿಲಿನ ಬಳಿ ಇಟ್ಟು ಅಲ್ಲಿಗೆ ಬೇಕಾದ 6 ಮೀಟರನ್ನಷ್ಟೇ ಕಾಯ್ದರೆ, ದಾರಿಯಲ್ಲಿ ಕಳೆದುಹೋಗುವ 14 ಮೀಟರ್ ಅರ್ಧ ಹರಿವಿಗೆ ಮೂರೂವರೆಯಾಗುತ್ತದೆ. ಪಂಪು ಒಟ್ಟು ಒಂಬತ್ತೂವರೆ ಮೀಟರ್ ಕೊಟ್ಟರೆ ಸಾಕು, ಶಕ್ತಿ ಕಾಲು ಪಾಲಿಗೆ ಇಳಿಯುತ್ತದೆ. ಬಾಯ್ಲರಿಗೆ ಬೇಕಾದ ಕನಿಷ್ಠ ಹರಿವಿಗೆ ಒಂದು ಸಣ್ಣ ಬೈಪಾಸ್ ಇಡಬೇಕೆಂಬುದು ನಿಜ, ಆದರೆ ಅದು ಪಂಪನ್ನು ಪೂರ್ಣ ವೇಗದಲ್ಲಿ ಓಡಿಸಲು ನೆಪವಾಗಬಾರದು.

ಆ ಆಸ್ಪತ್ರೆಯಲ್ಲಿ ನಾವು ವಾಲ್ವುಗಳನ್ನು ಬದಲಿಸಿ, ಸೆನ್ಸರನ್ನು ನಾಲ್ಕನೆಯ ಮಹಡಿಯ ಕೊನೆಯ ಕಾಯಿಲಿಗೆ ಒಯ್ದೆವು. ಅಂದಿನಿಂದ ಕೆಲಸ ಒಪ್ಪಿಸುವ ಮುನ್ನ ಎಲ್ಲೆಡೆಯೂ ಅರ್ಧದಷ್ಟು ಕಾಯಿಲುಗಳ ವಾಲ್ವು ಮುಚ್ಚಿಸಿ, ಡ್ರೈವಿನ ಪರದೆಯನ್ನು ನೋಡುತ್ತೇನೆ. ಅಂಕಿ 33 ಹರ್ಟ್ಜ್‌ನ ಆಸುಪಾಸಿಗೆ ಇಳಿದರೆ ಸಹಿ ಮಾಡುತ್ತೇನೆ; 45ರಲ್ಲೇ ನಿಂತರೆ, ಸೆನ್ಸರನ್ನು ಎಲ್ಲಿ ಕೂರಿಸಿದ್ದಾರೆಂದು ಹುಡುಕಿಕೊಂಡು ಹೋಗುತ್ತೇನೆ.