ಹಳೆಯ ಜಾವಾ ಬೈಕಿಗೆ ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) ಬೋಲ್ಟು ಹಾಕಬಹುದೆ?

ಪರ: ತುಕ್ಕಿಗೆ ಮತ್ತೆ ಜಾಗ ಕೊಡಬೇಡಿ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಅಲ್ಲಿಂದ ಬಂದ ಗಾಡಿಯಲ್ಲಿ ಇನ್ನೂ ಕಂಪನಿಯ ಬೋಲ್ಟುಗಳೇ ಉಳಿದಿದ್ದರೆ ಅವು ಎಷ್ಟು ಮಳೆಗಾಲ ಕಂಡಿವೆ, ಲೆಕ್ಕ ಹಾಕಿ. ಮಂಗಳೂರು, ಕುಂದಾಪುರದ ಕಡೆಯಂತೂ ಗಾಳಿಯಲ್ಲೇ ಉಪ್ಪು. ಸತುವಿನ ಲೇಪವಿರುವ ಹೊಸ ಬೋಲ್ಟು ಹಾಕಿದರೂ ಸ್ಪ್ಯಾನರ್ ತಾಗಿದ ಮೂಲೆಯಲ್ಲಿ ಲೇಪ ಹೋಗುತ್ತದೆ, ತುಕ್ಕು ಅಲ್ಲಿಂದಲೇ ಹಿಡಿಯುತ್ತದೆ. ಕೈತುಂಬ ಖರ್ಚು ಮಾಡಿ ಪೇಂಟ್ ಮಾಡಿಸಿದ ಮಡ್‌ಗಾರ್ಡ್ ಮೇಲೆ ಕೆಂಪು ಗೆರೆ ಇಳಿದಿರುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಎಸ್‌ಎಸ್‌ನಲ್ಲಿರುವ ಕ್ರೋಮಿಯಂ ಮೇಲ್ಮೈಯಲ್ಲಿ ತೆಳುವಾದ ಆಕ್ಸೈಡ್ ಪದರ ಕಟ್ಟುತ್ತದೆ. ಗೀಚಿದರೂ ಅದು ತಾನಾಗಿ ಮತ್ತೆ ಕೂಡಿಕೊಳ್ಳುತ್ತದೆ. ಒಳನಾಡಿಗೆ ಎ2 ದರ್ಜೆಯ ಎಸ್‌ಎಸ್ ಸಾಕು. ಕರಾವಳಿಗೆ ಮಾಲಿಬ್ಡಿನಂ ಬೆರೆತ ಎ4 ತರಿಸಿ.

ಎಂಜಿನ್ ಕವರಿನ ಸ್ಕ್ರೂಗಳ ಮಾತಂತೂ ಕೇಳಲೇಬೇಡಿ. ತಲೆಯ ಗೆರೆ ತಿಂದುಹೋಗಿ, ಉಳಿ ಇಟ್ಟು ಹೊಡೆದು ತೆಗೆದ ಗುರುತಿಲ್ಲದ ಜಾವಾ ಎಂಜಿನ್ ಅಪರೂಪ. ಅಲ್ಲಿ ತಲೆಯಲ್ಲಿ ಆರು ಮೂಲೆಯ ಕುಳಿಯಿರುವ ಎಸ್‌ಎಸ್ ಅಲೆನ್ ಬೋಲ್ಟು ಹಾಕಿದರೆ ಬಿಚ್ಚುವುದು ಸಲೀಸು. ಬಿಸಿಯಾದಾಗ ಎಸ್‌ಎಸ್ ಹಿಗ್ಗುವ ಪ್ರಮಾಣವೂ ಸಾದಾ ಉಕ್ಕಿಗಿಂತ ಅಲ್ಯೂಮಿನಿಯಂಗೆ ಹತ್ತಿರ. ಗಾಡಿ ಓಡಬೇಕು, ಓಡುವ ಗಾಡಿಯನ್ನು ಮತ್ತೆ ಮತ್ತೆ ಬಿಚ್ಚಲೇಬೇಕು.

ವಿರೋಧ: ಹೊಳಪೇ ಬಲವಲ್ಲ

ಅಂಗಡಿಯಲ್ಲಿ ಸಿಗುವ ಎಸ್‌ಎಸ್ ಬೋಲ್ಟಿನ ತಲೆ ನೋಡಿ: ಎ2-70. ಅದು ಸುಮಾರು 450 ಮೆಗಾಪ್ಯಾಸ್ಕಲ್ ಒತ್ತಡಕ್ಕೇ ಶಾಶ್ವತವಾಗಿ ಎಳೆದುಕೊಳ್ಳಲು ಶುರು ಮಾಡುತ್ತದೆ. 8.8 ದರ್ಜೆಯ ಸಾದಾ ಉಕ್ಕು 640ರವರೆಗೆ ತಡೆಯುತ್ತದೆ. ಮಡ್‌ಗಾರ್ಡಿಗೆ, ನಂಬರ್ ಪ್ಲೇಟಿಗೆ ಈ ವ್ಯತ್ಯಾಸ ಏನೂ ಅಲ್ಲ. ಬ್ರೇಕ್ ಪ್ಲೇಟನ್ನು ಹಿಡಿದಿರುವ ಬೋಲ್ಟು, ಹ್ಯಾಂಡಲ್ ಕ್ಲ್ಯಾಂಪು, ಎಂಜಿನ್ ಮೌಂಟಿಂಗ್ ಹಾಗಲ್ಲ, ಅಲ್ಲಿ ಸವಾರನ ಜೀವವೇ ಇದೆ. ‘ಫುಲ್ ಎಸ್‌ಎಸ್ ಕಿಟ್’ ತಂದು ಕಣ್ಣು ಮುಚ್ಚಿ ಎಲ್ಲ ಕಡೆ ಹಾಕುವುದನ್ನು ನಾನು ಒಪ್ಪಲಾರೆ.

ಎಸ್‌ಎಸ್ ಬೋಲ್ಟಿಗೆ ಎಸ್‌ಎಸ್ ನಟ್ಟನ್ನು ಒಣಗಿದ್ದ ಹಾಗೇ ಜೋರಾಗಿ ತಿರುಗಿಸಿದರೆ ಅರ್ಧದಲ್ಲೇ ಥ್ರೆಡ್ಡುಗಳು ಒಂದಕ್ಕೊಂದು ಬೆಸೆದುಕೊಳ್ಳಬಹುದು. ಆಮೇಲೆ ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ, ಕತ್ತರಿಸಬೇಕು. ಆಂಟಿ-ಸೀಜ್ (ಥ್ರೆಡ್ಡು ಕಚ್ಚದಂತೆ ಹಚ್ಚುವ ಪೇಸ್ಟು) ಹಚ್ಚಿದರೆ ಇದು ತಪ್ಪುತ್ತದೆ, ಆದರೆ ಜಾರುವ ಥ್ರೆಡ್ಡಿಗೆ ಹಳೆಯ ಟಾರ್ಕ್ (ತಿರುಗಿಸುವ ಬಲ) ಕೊಟ್ಟರೆ ಬಿಗಿ ಅತಿಯಾಗಿ ಎಂಜಿನ್ನಿನ ಹೊರಕವಚವಾದ ಕ್ರ್ಯಾಂಕ್‌ಕೇಸಿನ ಅಲ್ಯೂಮಿನಿಯಂ ಥ್ರೆಡ್ಡೇ ಕಿತ್ತುಬರುತ್ತದೆ. ಬೋಲ್ಟು ಎಲ್ಲಿ ಬೇಕಾದರೂ ಸಿಗುತ್ತದೆ, ಆ ಕ್ರ್ಯಾಂಕ್‌ಕೇಸ್ ಸಿಗುವುದಿಲ್ಲ.

ಕರಾವಳಿಗೆ ಎಸ್‌ಎಸ್ಸೇ ಸರಿ ಎನ್ನುವ ವಾದವೂ ಅರ್ಧ ಸತ್ಯ. ಉಪ್ಪುನೀರು ನಿಂತಲ್ಲಿ ಎಸ್‌ಎಸ್ ಮತ್ತು ಅಲ್ಯೂಮಿನಿಯಂ ಸೇರಿ ಬ್ಯಾಟರಿಯಂತೆ ವರ್ತಿಸುತ್ತವೆ, ಮತ್ತು ಸವೆಯುವುದು ಅಲ್ಯೂಮಿನಿಯಂ. ಬೋಲ್ಟು ಚಿಕ್ಕದು, ಕವರು ದೊಡ್ಡದು ಆದ್ದರಿಂದ ಸವೆತ ನಿಧಾನ, ನಿಜ. ಆದರೂ ಥ್ರೆಡ್ಡಿನ ಸುತ್ತ ಬಿಳಿ ಪುಡಿ ಕಟ್ಟಿ ಬೋಲ್ಟು ಕಚ್ಚಿಕೊಳ್ಳುತ್ತದೆ. ಸತುವು ಹಾಗೆ ಮಾಡದು. ತಾನು ಮೊದಲು ಸವೆದು ಒಳಗಿನ ಉಕ್ಕನ್ನು ಕಾಯುತ್ತದೆ.

ಇನ್ನು ನೋಟ. ಗೆರೆ ಕೊರೆದ ಆ ದುಂಡು ತಲೆಯ ಸ್ಕ್ರೂ, ಲೇಪದ ಆ ಮಂದ ಬೂದು ಬಣ್ಣ ಗಾಡಿಯ ಗುರುತಿನ ಭಾಗ. ಕನ್ನಡಿಯಂತೆ ಹೊಳೆಯುವ ಅಲೆನ್ ತಲೆಗಳ ಸಾಲು ಅದನ್ನು ಅಳಿಸುತ್ತದೆ. ಬಿಚ್ಚುವಾಗಲೇ ಪ್ರತಿ ಬೋಲ್ಟಿಗೂ ಚೀಟಿ ಕಟ್ಟಿ ಡಬ್ಬಿಗಳಲ್ಲಿ ಬೇರೆ ಬೇರೆ ಇಡಿ. ಬಾಗಿದ್ದು, ಥ್ರೆಡ್ ಸವೆದದ್ದು ಪಕ್ಕಕ್ಕಿಟ್ಟು, ಉಳಿದವನ್ನು ಉಜ್ಜಿ ತೊಳೆದು, ಥ್ರೆಡ್ಡು ಸರಿಮಾಡುವ ಡೈ ಆಡಿಸಿ, ಸತುವಿನ ಲೇಪಕ್ಕೆ ಪ್ಲೇಟಿಂಗ್ ಅಂಗಡಿಗೆ ಕೊಡಿ.