ಮಕ್ಕಳಿಗೆ ಸುರಕ್ಷಿತ, ಮಕ್ಕಳ ಕೈಗೆ ಸಿಗದಂತೆ ಇಡಿ

ಬೆಂಗಳೂರಿನಿಂದ ನಾದಿನಿ ಒಂದು ಪೆಟ್ಟಿಗೆ ಕಳಿಸಿದ್ದಾಳೆ. ಕೇರಳಕ್ಕೆ ಸೇರಿದ ಕಾಸರಗೋಡಿನ ಪೆರ್ಲ ಪೇಟೆಯಿಂದ ನಮ್ಮ ಮನೆಗೆ ಎರಡೂವರೆ ಕಿಲೋಮೀಟರ್, ಅದರಲ್ಲಿ ಕೊನೆಯ ಅರ್ಧ ಬರೀ ಏರು. ಕೊರಿಯರಿನ ಹುಡುಗ ಗುಡ್ಡದ ಬುಡದಲ್ಲೇ ನಿಂತು ಫೋನ್ ಮಾಡಿದ. ನಾನೇ ಇಳಿದು ಹೋಗಿ ಹೆಗಲಿಗೆ ಹಾಕಿಕೊಂಡು ಬಂದೆ. ಪೆಟ್ಟಿಗೆಯ ಮೇಲೆ ಅಪ್ಪ, ಅಮ್ಮ, ಒಂದು ಗಂಡು, ಒಂದು ಹೆಣ್ಣು, ಒಂದು ನಾಯಿ. ನಾಯಿಯೂ ಸೇರಿ ಎಲ್ಲರೂ ನಗುತ್ತಿದ್ದರು. ಕೆಳಗೆ ದಪ್ಪ ಅಕ್ಷರದಲ್ಲಿ 'ಫ್ಯಾಮಿಲಿ ಫ್ರೆಂಡ್ಲಿ'.

ಅವಳಿಗೆ ಈಗ ಇದೇ ಉದ್ಯೋಗ. ಮಕ್ಕಳ ತಿಂಡಿ, ಮನೆಸಾಮಾನು, ಆಟದ ಪೆಟ್ಟಿಗೆ ಅಂತ ಕಂಪನಿಯವರು ಪುಕ್ಕಟೆ ಕಳಿಸುತ್ತಾರೆ, ಇವಳು ಬಳಸಿ ನೋಡಿ ವಿಡಿಯೋ ಮಾಡುತ್ತಾಳೆ. ದುಡ್ಡೋ ಸಾಮಾನೋ ಪಡೆದು ಹೊಗಳುವವರು ಅದನ್ನು ಎಲ್ಲರಿಗೂ ಕಾಣುವ ಹಾಗೆ ಹೇಳಬೇಕು ಅಂತ 2023ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ಇಲಾಖೆ ಹೇಳಿದೆಯಲ್ಲ, ಅದನ್ನೂ ಪಾಲಿಸುತ್ತಾಳೆ, ಪಾಪ. ಇರುವ ತೊಂದರೆ ಒಂದೇ. ಅವಳಿಗೆ ಮಕ್ಕಳಿಲ್ಲ. ಮದುವೆಯಾಗಿ ವರ್ಷ ಆಯಿತಷ್ಟೆ. ನಮ್ಮಲ್ಲಿ ಎರಡು ಉಂಟು, ಒಂದು ಒಂಬತ್ತರದ್ದು, ಒಂದು ಆರರದ್ದು.

"ಭಾವ, ಮಕ್ಕಳಿಗೆ ಕೊಟ್ಟು ನೋಡಿ ನಾಲ್ಕು ಸಾಲು ಬರೆದು ಕಳಿಸಿ. ಸ್ವಲ್ಪ ಒಳ್ಳೇದು ಬರೀಬೇಕು, ಆಯ್ತಾ?"

ಆಯ್ತು ಅಂದೆ.

ಮೊದಲು ಹೊರಗೆ ಬಂದದ್ದು ಸೇಬಿನ ರುಚಿಯ 'ಎಲೆಕ್ಟ್ರೋಲೈಟ್' ಪೊಟ್ಟಣ. ಎಲ್ಲೋ ನೋಡಿದ ಮುಖ. ಆಮೇಲೆ ನೆನಪಾಯಿತು, ಇದರ ಅಣ್ಣನೋ ತಮ್ಮನೋ ಮೆಡಿಕಲ್ ಶಾಪಿನ ಕಪಾಟಿನಲ್ಲಿ ಓಆರ್‌ಎಸ್, ಅಂದರೆ ವಾಂತಿ ಭೇದಿ ಆದವರಿಗೆ ಕೊಡುವ ಉಪ್ಪು ಗ್ಲೂಕೋಸಿನ ನೀರು, ಅಂತ ಹೆಸರು ಇಟ್ಟುಕೊಂಡು ಕೂತಿದ್ದ. ಮಗಳಿಗೆ ವಾಂತಿ ಭೇದಿ ಆದಾಗ ನಾನೇ ಎರಡು ಪೊಟ್ಟಣ ತಂದು ಕುಡಿಸಿದ್ದೆ. ರುಚಿ ಒಳ್ಳೆ ಪಾಯಸದ್ದು. ಭೇದಿ ನಿಲ್ಲಲಿಲ್ಲ.

ಕಥೆ ನಿಮಗೆ ಗೊತ್ತೇ ಉಂಟು. 2022ರ ಏಪ್ರಿಲಿನಲ್ಲಿ ಆಹಾರ ಸುರಕ್ಷತೆಯ ಪ್ರಾಧಿಕಾರ ಆ ಹೆಸರು ಹಾಕಬೇಡಿ ಅಂದಿತು. ಜುಲೈಯಲ್ಲಿ ಮನಸ್ಸು ಕರಗಿತು: ಹಾಕಿಕೊಳ್ಳಿ, ಆದರೆ 'ಇದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಓಆರ್‌ಎಸ್ ಅಲ್ಲ' ಅಂತಲೂ ಬರೆಯಿರಿ. ಮದುವೆ ಕಾಗದದಲ್ಲಿ ಹುಡುಗನ ಹೆಸರು ಅಚ್ಚು ಹಾಕಿಸಿ, ಕೆಳಗೆ ಸಣ್ಣಕ್ಕೆ 'ಇವನು ಮದುಮಗ ಅಲ್ಲ' ಅಂತ ಹಾಕಿದ ಹಾಗೆ. ಮೂರು ವರ್ಷ ಈ ಸಂಸಾರ ನಡೆಯಿತು. 2025ರ ಅಕ್ಟೋಬರಿನಲ್ಲಿ ಪುನಃ ಬೇಡ ಅಂದರು, ಅದೂ ಹೈದರಾಬಾದಿನ ಒಬ್ಬ ಮಕ್ಕಳ ಡಾಕ್ಟರು ವರ್ಷಗಟ್ಟಲೆ ಬೆನ್ನು ಬಿಡದೆ ಹೋರಾಡಿದ ಮೇಲೆ. ನಿಜವಾದ ಓಆರ್‌ಎಸ್‌ನಲ್ಲಿ ಒಂದು ಲೀಟರಿಗೆ ಗ್ಲೂಕೋಸ್ 13.5 ಗ್ರಾಂ, ಅಷ್ಟೇ. ನಾನು ಕುಡಿಸಿದ್ದು ಎಷ್ಟು ಅಂತ ಲೆಕ್ಕ ಹಾಕಲಿಕ್ಕೆ ಹೋಗಿಲ್ಲ. ಅಪ್ಪನಾದವನಿಗೆ ಕೆಲವು ಲೆಕ್ಕ ಗೊತ್ತಾಗದಿದ್ದರೇ ನಿದ್ದೆ ಬರುತ್ತದೆ.

ಎರಡನೇದ್ದು ಹಾಲಿಗೆ ಹಾಕುವ ಚಾಕೊಲೇಟು ಪುಡಿ. ಇದನ್ನು ಮೊನ್ನೆ ಮೊನ್ನೆಯವರೆಗೆ 'ಆರೋಗ್ಯ ಪೇಯ' ಅನ್ನುತ್ತಿದ್ದರು. ಆ ಶಬ್ದಕ್ಕೆ ನಮ್ಮ ಆಹಾರ ಕಾನೂನಿನಲ್ಲಿ ಅರ್ಥವೇ ಇಲ್ಲ ಅಂತ 2024ರ ಏಪ್ರಿಲಿನಲ್ಲಿ ಕೇಂದ್ರ ಸರ್ಕಾರಕ್ಕೆ ಹೊಳೆಯಿತು, ಆನ್‌ಲೈನ್ ಅಂಗಡಿಯವರಿಗೆಲ್ಲ ಆ ಸಾಲಿನಿಂದ ತೆಗೆಯಿರಿ ಅಂತ ಹೇಳಿತು. ಕಾನೂನು 2006ರದ್ದು. ಆ ವರ್ಷ ಹುಟ್ಟಿ ಈ ಪುಡಿ ಕುಡಿದೇ ಬೆಳೆದ ಮಗುವಿಗೆ ಅಷ್ಟರಲ್ಲಿ ಓಟಿನ ವಯಸ್ಸು. ಸರಿ, ಶಬ್ದ ತೆಗೆದರು. ಒಂದು ದೊಡ್ಡ ಕಂಪನಿ ಅದರ ಜಾಗಕ್ಕೆ 'ಫಂಕ್ಷನಲ್ ನ್ಯೂಟ್ರಿಷನಲ್ ಡ್ರಿಂಕ್' ಅಂತ ಇಟ್ಟಿತು. ಕೇಳಲಿಕ್ಕೆ ಇನ್ನೂ ಗಂಭೀರ ಉಂಟು, ಅಲ್ವಾ? ಪುಡಿ ಕೂತಲ್ಲೇ ಕೂತಿತ್ತು, ಅದರ ಮೇಲಿನ ಹೆಸರು ಮಾತ್ರ ವರ್ಗವಾಯಿತು. ನಮ್ಮ ಡಬ್ಬದ ಹಿಂದೆ ಅದೇ ಬರೆದುಕೊಂಡಿದೆ, ನೂರು ಗ್ರಾಂ ಪುಡಿಯಲ್ಲಿ ಸೇರಿಸಿದ ಸಕ್ಕರೆ 32 ಗ್ರಾಂ. ಮೂರು ಚಮಚ ಪುಡಿ ಹಾಕಿದರೆ ಒಂದು ಚಮಚ ಸಕ್ಕರೆ. ಪ್ರಾಮಾಣಿಕ ಡಬ್ಬ. ಓದುವವರು ಬೇಕು.

ಅಮ್ಮ ಕೇಳಿದರು, "ಡಬ್ಬ ಗಾಜಿನದ್ದಾ?"

"ಅಲ್ಲ, ಪ್ಲಾಸ್ಟಿಕ್."

"ಕೊಡು ಇಲ್ಲಿ." ಮುಚ್ಚಳ ತಿರುಗಿಸಿದರು, ಮುಚ್ಚಿದರು, ಪುನಃ ತಿರುಗಿಸಿದರು. ಬೆರಳಿನ ಗಂಟಿನಿಂದ ಎರಡು ಸಲ ಕುಟ್ಟಿದರು. ಏನೂ ಹೇಳದೆ ತನ್ನ ಮಗ್ಗುಲಲ್ಲಿ ಇಟ್ಟುಕೊಂಡರು.

ಅಮ್ಮನಿಗೆ ಓದಲಿಕ್ಕೆ ಬರುವುದಿಲ್ಲ ಅಂತಲ್ಲ. ಕನ್ನಡಕ ಹಾಕಿ ಪೇಪರಿನ ತಿಥಿ ವಾರದಿಂದ ಮರಣದ ಸುದ್ದಿಯವರೆಗೆ ಓದುವವರು. ಮದ್ರಾಸಿನಲ್ಲಿ ಶಾಲೆಗೆ ಸೇರಿ ಕೇರಳದಲ್ಲಿ ಶಾಲೆ ಬಿಟ್ಟವರು, 1956ರಲ್ಲಿ ರಾಜ್ಯದ ಗಡಿ ಸರಿಯಿತು, ಮನೆ ಮಾತ್ರ ಇದ್ದಲ್ಲೇ ಇತ್ತು. ಓದಿದ್ದು ಕನ್ನಡ. ಪೊಟ್ಟಣದ ಮೇಲೆ ವಿವರ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಇದ್ದರೆ ಸಾಕು ಅಂತ ನಿಯಮ, ಬೇರೆ ಭಾಷೆ ಬೇಕಾದರೆ ಹಾಕಬಹುದು, ಬೇಡದಿದ್ದರೆ ಬಿಡಬಹುದು. ಜಾಹೀರಾತು ಮಾತ್ರ ಹಾಗಲ್ಲ ನೋಡಿ. ಮಂಗಳೂರಿನ ಚಾನೆಲು ಹಾಕಿದರೆ ಕನ್ನಡದಲ್ಲಿ, ಕಣ್ಣೂರಿನದ್ದು ಹಾಕಿದರೆ ಮಲಯಾಳದಲ್ಲಿ, 'ಅಮ್ಮನ ಪ್ರೀತಿ' ಅಂತ ಹಾಡಿ ಹೇಳುತ್ತದೆ. ಪ್ರೀತಿಗೆ ಎಷ್ಟು ಭಾಷೆಯೂ ಆಗುತ್ತದೆ, ತಾಳೆ ಎಣ್ಣೆಗೆ ಇಂಗ್ಲಿಷ್ ಒಂದೇ, ಅದೂ ಇರುವೆ ಕಾಲಿನಷ್ಟು ಸಪುರದ ಅಕ್ಷರದಲ್ಲಿ.

ತಾಳೆ ಎಣ್ಣೆ ಅಂದೆನಲ್ಲ, ಅದು ಮೂರನೇ ಪೊಟ್ಟಣ. ರಾಗಿ ಚಿಪ್ಸ್. ಎದುರಿಗೆ ರಾಗಿ ತೆನೆಯ ಚಿತ್ರ. ಯಾವುದು ಜಾಸ್ತಿ ಉಂಟೋ ಅದನ್ನು ಮೊದಲು ಬರೆಯಬೇಕು ಅಂತ ನಿಯಮ. ಜೋಳ, ಅಕ್ಕಿ, ತಾಳೆ ಎಣ್ಣೆ, ಮಸಾಲೆ ಅಂತ ಪಟ್ಟಿ ಇಳಿಯುತ್ತ ಹೋಗಿ, ರಾಗಿ ಐದನೆಯವನಾಗಿ ಊಟದ ಕೊನೇ ಪಂಕ್ತಿಯಲ್ಲಿ ಕೂತಿತ್ತು. ಮಗ ಒಂದೊಂದನ್ನೇ ತೆಗೆದು ಮೇಲಿನ ಮಸಾಲೆ ನೆಕ್ಕಿ, ಒದ್ದೆ ಚಿಪ್ಸನ್ನು ಕಿಟಕಿಯ ದಂಡೆಯಲ್ಲಿ ಸಾಲಾಗಿ ಒಣಗಲಿಕ್ಕೆ ಇಟ್ಟ. ಅಂಗಳದಲ್ಲಿ ಅಡಿಕೆ ಒಣಗಲಿಕ್ಕೆ ಹಾಕುವ ಕ್ರಮ ನೋಡಿ ಕಲಿತದ್ದು. ಒಂದು ಗಂಟೆ ಬಿಟ್ಟು ಬಂದು ನೋಡಿದೆ. ಇರುವೆ ಕೂಡ ಮುಟ್ಟಿರಲಿಲ್ಲ.

ಪಾಪ್‌ಕಾರ್ನ್ ಕೂಡ ಇತ್ತು, ಕ್ಯಾರಮೆಲ್ ಹಾಕಿದ್ದು. ಅದನ್ನು ಕಂಡಾಗೆಲ್ಲ ನನಗೆ ಗೌರವದಿಂದ ಎದ್ದು ನಿಲ್ಲಬೇಕು ಅನ್ನಿಸುತ್ತದೆ. 2024ರ ಡಿಸೆಂಬರಿನಲ್ಲಿ ಇಡೀ ದೇಶದ ಹಣಕಾಸು ಮಂತ್ರಿಗಳು ಜೈಸಲ್ಮೇರಿನ ಮರಳುಗಾಡಿನಲ್ಲಿ ಸೇರಿ ಜಿಎಸ್‌ಟಿ ತೆರಿಗೆಗಾಗಿ ಇದರ ಜಾತಿ ನಿರ್ಣಯ ಮಾಡಿದ್ದು: ಉಪ್ಪು ಹಾಕಿ ಸುಮ್ನೆ ಕೊಟ್ಟರೆ ನೂರಕ್ಕೆ 5, ಅದನ್ನೇ ಪ್ಯಾಕೆಟ್ ಮಾಡಿ ಹೆಸರು ಹಚ್ಚಿದರೆ 12, ಸಕ್ಕರೆ ಪಾಕ ಹಾಕಿದರೆ 18. ನಮ್ಮ ಪರೋಟದ ವನವಾಸ ಇನ್ನೂ ದೊಡ್ಡದು. ಪರೋಟ ಅಂದರೆ ರೊಟ್ಟಿ ಅಲ್ಲ, ಬಿಸಿ ಮಾಡಿಯೇ ತಿನ್ನಬೇಕು, ಹಾಗಾಗಿ 18 ಅಂತ 2020ರಲ್ಲಿ ಕರ್ನಾಟಕದ ತೆರಿಗೆ ಪೀಠ. ರೊಟ್ಟಿಯ ಹತ್ತಿರದ ಸಂಬಂಧವೇ, 5 ಸಾಕು ಅಂತ 2024ರಲ್ಲಿ ಕೇರಳ ಹೈಕೋರ್ಟು. ಗಡಿಯಲ್ಲಿ ಕೂತ ನಮಗೆ ಎಂತ ಮಾಡುವುದು ಹೇಳಿ! ಪೆರ್ಲದಲ್ಲಿ ತಿಂದರೆ ರೊಟ್ಟಿ, ಗಡಿಯ ಅಡ್ಕಸ್ಥಳ ದಾಟಿ ಕರ್ನಾಟಕದ ವಿಟ್ಲಕ್ಕೆ ಹೋಗಿ ತಿಂದರೆ ಅಲ್ಲ. ಇದೆಲ್ಲ ಪೊಟ್ಟಣದ ಪರೋಟದ ಮಾತು, ಹೋಟೆಲಿನ ಕಲ್ಲಿನ ಮೇಲಿನದ್ದಕ್ಕೆ ಅಲ್ಲ ಅಂತ ನನಗೂ ಗೊತ್ತು. ಆದರೂ ಆ ದಿನಗಳಲ್ಲಿ ಪರೋಟ ಹರಿಯುವಾಗ ಕೈ ಸ್ವಲ್ಪ ನಡುಗುತ್ತಿತ್ತು. 2025ರ ಸೆಪ್ಟೆಂಬರ್ 22ರಿಂದ ಅದಕ್ಕೆ ತೆರಿಗೆಯೇ ಇಲ್ಲ, ಎಲ್ಲ ಮುಗಿಯಿತು. ಐದು ವರ್ಷ ದೊಡ್ಡ ದೊಡ್ಡ ತಲೆಗಳು ಮೈದಾ ಹಿಟ್ಟಿನ ಕುಲಗೋತ್ರ ಹುಡುಕಿದವು.

ಅದೇ ಸಮಯಕ್ಕೆ ಬಿಸ್ಕೆಟಿನ ತೆರಿಗೆಯೂ ಇಳಿದು, ಐದು ರೂಪಾಯಿಯ ಪ್ಯಾಕೆಟ್ 4.45 ಆಯಿತು ಅಂತ ಪೇಪರಿನಲ್ಲಿ ಬಂತು. ನಾಲ್ಕಾಣೆಯನ್ನೇ 2011ರಲ್ಲಿ ಚಲಾವಣೆಯಿಂದ ತೆಗೆದಾಗಿದೆ. ಐವತ್ತೈದು ಪೈಸೆ ಚಿಲ್ಲರೆ ಕೊಡಿ ಅಂತ ಅಂಗಡಿಯ ಕಾಕನ ಹತ್ತಿರ ತಮಾಷೆಗೆ ಕೇಳಿದೆ. ಅವರು ಭರಣಿಯ ಮುಚ್ಚಳ ತೆಗೆದು ಒಂದು ಶುಂಠಿ ಮಿಠಾಯಿ ಕೊಟ್ಟರು. ತೆರಿಗೆ ಕಡಿಮೆಯಾದದ್ದರಿಂದ ನಮ್ಮ ಕುಟುಂಬಕ್ಕೆ ಆದ ಒಟ್ಟು ಲಾಭ ಅದು. ಮಗ ಅರ್ಧ, ಮಗಳು ಅರ್ಧ.

ಇನ್ನು ಆಟ. 'ಸ್ಕ್ರೀನ್ ಇಲ್ಲದ ಕುಟುಂಬದ ಆಟ, 6ರಿಂದ 99 ವರ್ಷದವರಿಗೆ.' ನಮ್ಮ ಕೆಳಗಿನ ಮನೆಯ ಅಜ್ಜನಿಗೆ ನೂರು ದಾಟಿದೆ, ಅವರಿಗೆ ಹೇಳದೆ ಆಡಬೇಕು. ಪೆಟ್ಟಿಗೆ ಬಿಚ್ಚಿದರೆ ಕಾಯಿ ಉಂಟು, ದಾಳ ಉಂಟು, ಆಟದ ಕ್ರಮ ಬರೆದ ಕಾಗದ ಇಲ್ಲ. ಅದರ ಬದಲು ಒಂದು ಕ್ಯೂಆರ್ ಕೋಡ್. ಫೋನಿನಲ್ಲಿ ಸ್ಕ್ಯಾನ್ ಮಾಡಿದರೆ ಹದಿನೇಳು ನಿಮಿಷದ ವಿಡಿಯೋ. ನಮ್ಮಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗುವುದು ಹಟ್ಟಿಯ ಹಿಂದೆ. ಸ್ಕ್ರೀನ್ ಇಲ್ಲದ ಆಟ ಕಲಿಯಲಿಕ್ಕೆ ನಾವು ನಾಲ್ಕು ಜನ ಗೊಬ್ಬರಗುಂಡಿಯ ಪಕ್ಕ ನಿಂತು ಸ್ಕ್ರೀನ್ ನೋಡಿದೆವು. ವಿಡಿಯೋ ಮುಗಿದ ತಕ್ಷಣ ಅದರಷ್ಟಕ್ಕೆ ಇನ್ನೊಂದು ಶುರುವಾಯಿತು. ಮಕ್ಕಳು ಅದನ್ನೂ ನೋಡಿದರು. ಆಟಕ್ಕೆ ಯಾರೂ ವಾಪಸ್ ಬರಲಿಲ್ಲ.

ಹಿಂದಿನ ಆಟಗಳೇ ಒಳ್ಳೆಯದಿತ್ತು ಅಂತ ಈಗ ನಾನು ಬರೆಯುತ್ತೇನೆ ಅಂತ ನೀವು ಕಾಯುತ್ತಿದ್ದೀರಿ. ಅಟ್ಟದಿಂದ ಚೆನ್ನೆಮಣೆ ಇಳಿಸಿದ್ದೂ ಹೌದು. ಹದಿನಾಲ್ಕು ಕುಳಿ, ಕುಳಿಗೆ ನಾಲ್ಕರಂತೆ ಐವತ್ತಾರು ಮಂಜೊಟ್ಟಿ ಬೀಜ, ಕ್ರಮ ಎಲ್ಲ ಅಮ್ಮನ ತಲೆಯಲ್ಲಿ. ಅಣ್ಣ ತಂಗಿ, ಅಕ್ಕ ತಮ್ಮ ಎದುರುಬದುರು ಕೂತು ಆಡಬಾರದು ಅಂತ ಅಮ್ಮ ಮೊದಲೇ ತಡೆದರು. ಯಾಕೆ ಅಂದರೆ ಅಬ್ಬಗ ದಾರಗರ ಕಥೆ. ಅವಳಿ ಅಕ್ಕ ತಂಗಿ ಚೆನ್ನೆ ಆಡುತ್ತ ಜಗಳಕ್ಕೆ ಬಿದ್ದು, ಒಬ್ಬಳು ಮಣೆ ಎತ್ತಿ ಇನ್ನೊಬ್ಬಳ ತಲೆಗೆ ಹೊಡೆದು ಕೊಂದು, ತಾನು ಬಾವಿಗೆ ಹಾರಿದಳು. ತುಳುನಾಡಿನ ಫ್ಯಾಮಿಲಿ ಗೇಮ್ ಮಾರಾಯ್ರೆ! ಆದರೆ ಒಂದು ಮಾತು ಒಪ್ಪಬೇಕು. ಇದರಲ್ಲಿ ಎಷ್ಟು ಅಪಾಯ ಉಂಟು ಅಂತ ಮಣೆ ಮುಟ್ಟುವ ಮೊದಲೇ ಹೇಳುತ್ತಾರೆ, ನಮ್ಮ ಭಾಷೆಯಲ್ಲಿ, ಕಥೆಯ ಸಮೇತ.

ಕೊನೆಗೆ ಪೆಟ್ಟಿಗೆಯ ತಳದಲ್ಲಿ ಸೊಳ್ಳೆಯ ದ್ರಾವಣದ ಬಾಟಲಿ. ಎದುರಿಗೆ ತೊಟ್ಟಿಲಲ್ಲಿ ಮಲಗಿದ ಮಗು, 'ಮಕ್ಕಳಿಗೆ ಸುರಕ್ಷಿತ' ಅಂತ ಬರಹ. ತಿರುಗಿಸಿದರೆ 'ಮಕ್ಕಳ ಕೈಗೆ ಸಿಗದಂತೆ ಇಡಿ'. ಎರಡೂ ಒಂದೇ ಬಾಟಲಿ. ಅದರ ಪಕ್ಕ ಸಣ್ಣ ತ್ರಿಕೋನ. ಅಡಿಕೆ ತೋಟದವನಿಗೆ ಯಾವ ಭಾಷೆ ಬರದಿದ್ದರೂ ಆ ತ್ರಿಕೋನ ಓದಲಿಕ್ಕೆ ಬರುತ್ತದೆ. ಕೆಂಪು ಅಂದರೆ ಮುಟ್ಟಬೇಡ, ಹಳದಿ ಸ್ವಲ್ಪ ಕಡಿಮೆ, ನೀಲಿ ಅದಕ್ಕಿಂತ ಕಡಿಮೆ, ಹಸಿರು ಎಲ್ಲಕ್ಕಿಂತ ಕಡಿಮೆ. ವಿಷವೇ ಅಲ್ಲ ಅನ್ನುವ ಬಣ್ಣ ಇಲ್ಲ. ನಮ್ಮ ಬಾಟಲಿಗೆ ಹಸಿರು. ಫ್ಯಾಮಿಲಿ ಫ್ರೆಂಡ್ಲಿ ವಿಷ.

ಇಷ್ಟರವರೆಗೆ ನಗು ಬರುತ್ತಿತ್ತು.

'ಸುರಕ್ಷಿತ' ಅನ್ನುವ ಶಬ್ದ ಈ ಊರಿಗೆ ಹೊಸತಲ್ಲ. ಪಡ್ರೆ, ಎಣ್ಮಕಜೆಯ ಗುಡ್ಡಗಳ ಗೇರುತೋಟಗಳಿಗೆ ಇಪ್ಪತ್ತು ವರ್ಷಕ್ಕೂ ಮೇಲೆ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿದರು. ಕೆಳಗೆ ಮನೆ, ಶಾಲೆ, ಬಾವಿ, ತೋಡು. ಆಗಲೂ ಭಯ ಇಲ್ಲ ಅಂದರು, ಇದು ಸುರಕ್ಷಿತ ಅಂದರು. ದೇಶದಲ್ಲಿ ಅದನ್ನು ಸುಪ್ರೀಂ ಕೋರ್ಟು ನಿಲ್ಲಿಸಿದ್ದು 2011ರಲ್ಲಿ. ಸಂತ್ರಸ್ತರಿಗೆ ಮೂರು ತಿಂಗಳಲ್ಲಿ ಐದೈದು ಲಕ್ಷ ಕೊಡಿ ಅಂತ ಕೇರಳ ಸರ್ಕಾರಕ್ಕೆ ಹೇಳಿದ್ದು 2017ರಲ್ಲಿ. 2022ರಲ್ಲಿ ಪುನಃ ಕೇಳಿದಾಗ 3,704 ಮಂದಿಯಲ್ಲಿ ಎಂಟು ಜನರಿಗೆ ಕೊಟ್ಟಿದ್ದರು. ಎಂಟು. ಅದೂ ಕೋರ್ಟಿಗೆ ಹೋದವರು ಅಂತ. ನನ್ನ ಜತೆ ಒಂದನೇ ಕ್ಲಾಸಿಗೆ ಸೇರಬೇಕಿದ್ದ ಒಬ್ಬ ಹುಡುಗ ಶಾಲೆಗೆ ಬರಲೇ ಇಲ್ಲ. ಅವನ ಅಮ್ಮನಿಗೆ ಈಗ ಅರವತ್ತೈದು ದಾಟಿದೆ, ಮೊಣಕಾಲು ನೋವು ಬೇರೆ. ಈಗಲೂ ಅವನನ್ನು ಎತ್ತಿ ಮಗ್ಗುಲು ಬದಲಿಸುವುದು ಅವರೇ. ಅವರ ಹತ್ತಿರ ಹೋಗಿ ಈ ಬಾಟಲಿಯ ಎದುರಿನ ಸಾಲು ಓದಿ ಹೇಳಲಿಕ್ಕೆ ನನ್ನಿಂದ ಆಗುವುದಿಲ್ಲ. ಬೇಜಾರು ಬಂದು ಹೋಗಿದೆ. ಶಬ್ದ ತೆಗೆಯಿರಿ ಅಂತ ಆಜ್ಞೆ, ಬೇರೆ ಶಬ್ದ ಇಡುತ್ತೇವೆ ಅಂತ ಉತ್ತರ, ಮಧ್ಯದಲ್ಲಿ ಯಾರದ್ದೋ ಮಗು.

ರಾತ್ರಿ ನಾದಿನಿಯ ಫೋನು. "ಭಾವ, ಬರೆದಾಯ್ತಾ? ಇಪ್ಪತ್ತು ಶಬ್ದಕ್ಕಿಂತ ಕಡಿಮೆ ಆದರೆ ತಗೊಳ್ಳುದಿಲ್ಲ. ಫೋಟೋ ಇದ್ದರೆ ಒಳ್ಳೇದು."

ರಿವ್ಯೂ ಹೇಗೆ ಇರಬೇಕು ಅನ್ನುವುದಕ್ಕೂ 2022ರಲ್ಲಿ ಭಾರತೀಯ ಮಾನಕ ಬ್ಯೂರೋ ಒಂದು ಮಾನಕ ಮಾಡಿದೆ, ಪ್ರಾಮಾಣಿಕವಾಗಿರಬೇಕಂತೆ. ನಾನು ಪ್ರಾಮಾಣಿಕವಾಗಿ ಫೋನು ಹಿಡಿದುಕೊಂಡು ಅರ್ಧ ಗಂಟೆ ಕೂತೆ. ಒಂದು ಶಬ್ದ ಹೊರಡಲಿಲ್ಲ. ಸೊಳ್ಳೆಯ ಬಾಟಲಿಯನ್ನು ಹೆಂಡತಿ ಕಪಾಟಿನ ಮೇಲಿನ ತಟ್ಟಿಗೆ ಏರಿಸಿದ್ದಾಳೆ. ಚಾಕೊಲೇಟು ಪುಡಿಯನ್ನು ಅಮ್ಮ ಒಂದು ಪೇಪರಿಗೆ ಸುರಿದು, ಡಬ್ಬ ತೊಳೆದು, ಬಿಸಿಲಿಗೆ ಇಟ್ಟು, ಸಂಜೆಯೊಳಗೆ ಅದರಲ್ಲಿ ಹಲಸಿನ ಹಪ್ಪಳ ತುಂಬಿಸಿ ಆಗಿದೆ.

"ಎಂತ ಬರೆಯುವುದು ಅಮ್ಮ?" ಅಂತ ಕೇಳಿದೆ.

"ಮುಚ್ಚಳ ಗಟ್ಟಿ ಉಂಟು ಅಂತ ಬರಿ," ಅಂದರು. "ಆಟಿಯ ಮಳೆಗೂ ಹಪ್ಪಳ ಮೆತ್ತಗಾಗ್ಲಿಕ್ಕಿಲ್ಲ. ಇನ್ನೊಂದು ಡಬ್ಬ ಕಳಿಸ್ತಾಳಾ ಕೇಳು. ಪುಡಿ ಬೇಡ."